ಮಕ್ಕಳ ತಲೆಗೆ ಬರುತ್ತದೆ ಅಂದರಲ್ಲ, ಆ ಮಾತಿಗೆ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ನೀವು ಕೊಂಡ ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಉಳಿಯುವ ಪಾಲು, ಅದರ ಬಗ್ಗೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ: "ಈಗ ಬಿಡಿಸಿಕೊಳ್ಳದಿದ್ದರೆ ನಾವು ಹೋದ ಮೇಲೆ ಇದು ಮಕ್ಕಳ ತಲೆಗೆ ಬರುತ್ತದಂತೆ." ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಹೋಟೆಲಿನ ಸಭೆಯಲ್ಲಿ, ಟೈಮ್‌ಶೇರಿನಿಂದ ಬಿಡಿಸಿಕೊಡುತ್ತೇವೆ ಅನ್ನುವ ಕಂಪನಿಯ ಆ ಮನುಷ್ಯ ಮೊದಲು ಈ ಮಾತು ಹೇಳಿದ, ಆಮೇಲೆ 6,400 ಡಾಲರ್ ಕೇಳಿದ, ಶುಕ್ರವಾರದವರೆಗೆ ಮಾತ್ರ ಈ ರೇಟು ಅಂದ. ಮೂರೂ ಅದೇ ಕ್ರಮದಲ್ಲಿ ನಿನ್ನ ಪತ್ರದಲ್ಲಿದೆ, ಇನ್ನೊಂದು ಸಲ ಓದಿ ನೋಡು.

ಮಕ್ಕಳ ಮಾತು ಮೊದಲು ಮುಗಿಸುತ್ತೇನೆ. ಡೀಡಿನಲ್ಲಿ, ಅಂದರೆ ಮಾಲೀಕತ್ವದ ಪತ್ರದಲ್ಲಿ, ಅವರ ಹೆಸರಿಲ್ಲ, ಅವರು ಎಲ್ಲೂ ಸಹಿ ಹಾಕಿಲ್ಲ ಅಂದರೆ, ನಿಮ್ಮ ಕಾಲಾನಂತರ "ನಮಗೆ ಇದು ಬೇಡ" ಅಂತ ಬರೆದುಕೊಟ್ಟು ಬಿಡಬಹುದು. ಡಿಸ್‌ಕ್ಲೈಮರ್ ಅನ್ನುತ್ತಾರೆ. ಫೆಡರಲ್ ತೆರಿಗೆ ಕಾನೂನಿನ ಲೆಕ್ಕದಲ್ಲಿ ಸಾವಾದ 9 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಅದಕ್ಕೆ ಮುಂಚೆ ಆ ವಾರವನ್ನು ಬಳಸಿರಬಾರದು. ನಮೂನೆ, ಎಲ್ಲಿ ಸಲ್ಲಿಸಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ಆಗ ವಕೀಲರ ಹತ್ತಿರ ಕೇಳಬೇಕು. ರೆಸಾರ್ಟಿನವರು ನೀವು ಬಿಟ್ಟುಹೋದ ಆಸ್ತಿಯಿಂದ ಬಾಕಿ ಕೇಳಬಹುದು, ಅದು ನಿಜ. ಮಕ್ಕಳ ಸ್ವಂತ ಸಂಬಳಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ರೆಸಾರ್ಟಿನವರು "ಮಕ್ಕಳ ಹೆಸರೂ ಸೇರಿಸಿ, ಅನುಕೂಲ" ಅಂದರೆ ಮಾತ್ರ ಒಪ್ಪಬೇಡ.

ಇದನ್ನೆಲ್ಲ ನಾನು ಆಗಲೇ ಹೇಳಬೇಕಿತ್ತು ಪುಟ್ಟಾ. ಓರ್ಲ್ಯಾಂಡೋದಲ್ಲಿ ಸಹಿ ಹಾಕಿದ ಮೂರನೇ ದಿನ ನೀನು ಫೋನ್ ಮಾಡಿದ್ದೆ. ಫ್ಲಾರಿಡಾದಲ್ಲಿ ಸಹಿಯಾದ ದಿನ ಅಥವಾ ಕೊನೆಯ ಕಾಗದ ಕೈಸೇರಿದ ದಿನ, ಯಾವುದು ಆಮೇಲೋ ಅಲ್ಲಿಂದ 10 ದಿನದೊಳಗೆ ಒಂದು ಕಾಗದ ಬರೆದರೆ ಖರೀದಿ ರದ್ದಾಗುತ್ತದೆ. ಟೈಟಲ್ ಆಫೀಸಿನಲ್ಲಿ ವರ್ಷಗಟ್ಟಲೆ ಡೀಡು ಓದಿದವಳು ನಾನು, ಅವತ್ತು "ಒಳ್ಳೆಯದಾಯಿತು, ಮಕ್ಕಳಿಗೆ ರಜೆಗೆ ಜಾಗ ಆಯಿತು" ಅಂದುಬಿಟ್ಟೆ. ಇನ್ನೂ ಉಳಿದಿದ್ದ ಆ ಏಳು ದಿನ ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ಈಗ ಆ ಕಂಪನಿಯ ವಿಚಾರ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ಉಪದೇಶ ಅಂದುಕೊಳ್ಳಬೇಡ.

ದುಡ್ಡು ಯಾವಾಗ, ಯಾರ ಕೈಗೆ ಹೋಗುತ್ತದೆ ಅನ್ನುವುದರಲ್ಲೇ ಹೆಚ್ಚಿನದು ಗೊತ್ತಾಗುತ್ತದೆ. ಪೂರ್ತಿ ಫೀಸು ಮುಂಗಡ ಕೇಳುವವರು ಆಮೇಲೆ ಮಾಡುವ ಕೆಲಸ ಬಹಳ ಸಲ ಇಷ್ಟೇ: "ಇನ್ನು ಮುಂದೆ ಏನಿದ್ದರೂ ನಮ್ಮೊಡನೆ ಮಾತಾಡಿ" ಅಂತ ರೆಸಾರ್ಟಿಗೆ ಒಂದು ಕಾಗದ, ನಿಮಗೆ "ರೆಸಾರ್ಟಿನ ಪ್ರತಿ ವರ್ಷದ ಮೇಂಟೆನೆನ್ಸ್ ಫೀಸು ಕಟ್ಟಬೇಡಿ" ಅಂತ ಒಂದು ಮಾತು. ಬಾಕಿಯ ನೋಟಿಸು ನಿಮ್ಮ ಮನೆಗೆ ಬರುವುದೇ ನಿಲ್ಲುತ್ತದೆ. ನೀವು ಕೆಲಸ ನಡೆಯುತ್ತಿದೆ ಅಂದುಕೊಂಡಿರುತ್ತೀರಿ, ಅಲ್ಲಿ ಬಾಕಿ ಏರಿ ರೆಸಾರ್ಟಿನವರು ನಿಮ್ಮ ಪಾಲನ್ನು ಜಪ್ತಿ ಮಾಡುತ್ತಾರೆ, ಅಂದರೆ ಫೋರ್‌ಕ್ಲೋಷರ್ ಆಗುತ್ತದೆ. ಅದು ಕ್ರೆಡಿಟ್ ರಿಪೋರ್ಟಿನಲ್ಲಿ 7 ವರ್ಷ ಉಳಿಯಬಹುದು. ಕಂಪನಿ ಅದನ್ನೇ "ಎಕ್ಸಿಟ್ ಆಯಿತು" ಅಂತ ಲೆಕ್ಕ ಬರೆದುಕೊಳ್ಳುತ್ತದೆ. ಆದ್ದರಿಂದ ಒಪ್ಪಂದದಲ್ಲಿ ಎಕ್ಸಿಟ್ ಅಂದರೆ ಏನು ಅಂತ ಬರೆದಿರುವ ಸಾಲನ್ನು ಹುಡುಕು. ಫೋರ್‌ಕ್ಲೋಷರ್ ಕೂಡ ಅದರೊಳಗೆ ಸೇರುವ ಹಾಗಿದ್ದರೆ "ಹಣ ವಾಪಸ್ ಗ್ಯಾರಂಟಿ"ಗೆ ಅರ್ಥವೇ ಇಲ್ಲ.

2022ರ ನವೆಂಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು ವಿಸ್ಕಾನ್ಸಿನ್ ರಾಜ್ಯ ಸೇರಿ ಇಂಥದ್ದೇ ಒಂದು ಕಂಪನಿಗಳ ಗುಂಪಿನ ಮೇಲೆ ದಾವೆ ಹೂಡಿದವು. 9 ಕೋಟಿ ಡಾಲರಿಗೂ ಹೆಚ್ಚು ಹಣ ಮೋಸದಿಂದ ಕಿತ್ತುಕೊಂಡರು, ಕಳೆದುಕೊಂಡವರಲ್ಲಿ ಹೆಚ್ಚಿನವರು ವಯಸ್ಸಾದವರು ಅನ್ನುವುದು ಆರೋಪ. ಮಕ್ಕಳ ಚಿಂತೆ ಹೆಚ್ಚಿರುವ ವಯಸ್ಸು ಅದು. ನಿನಗೆ ಹೇಳಿದ ಮಾತು ಅಂಥವರಿಗೆ ಎಷ್ಟು ಬೇಗ ನಾಟುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

"ಹಣ ಎಸ್ಕ್ರೋದಲ್ಲಿರುತ್ತದೆ" (ಕೆಲಸ ಮುಗಿಯುವವರೆಗೆ ಮೂರನೆಯವರ ಕೈಯಲ್ಲಿ) ಅಂದರೂ ಅಲ್ಲಿಗೇ ಬಿಡಬೇಡ. ಎಸ್ಕ್ರೋ ಕಂಪನಿಯ ಫೋನ್ ನಂಬರನ್ನು ಅವರಿಂದ ತೆಗೆದುಕೊಳ್ಳದೆ ನೀನೇ ಹುಡುಕಿ ಕರೆ ಮಾಡು, ಲೈಸೆನ್ಸ್ ರಾಜ್ಯದ ಕಚೇರಿಯಲ್ಲಿ ನೋಡು. ಯಾವುದು ಕೈಗೆ ಬಂದ ಮೇಲೆ ಹಣ ಬಿಡುಗಡೆ ಅಂತ ಕೇಳು. ಉತ್ತರದಲ್ಲಿ ಎರಡು ಕಾಗದ ಇರಬೇಕು: ಮಾಲೀಕತ್ವ ಮುಗಿಯಿತು ಅಂತ ರೆಸಾರ್ಟ್ ಬರೆದ ಪತ್ರ, ಮತ್ತು ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯ ಕಚೇರಿಯಲ್ಲಿ, ದಾಖಲಾದ ಡೀಡು. ದಾಖಲಾದ ಡೀಡಿನ ಮೊದಲ ಪುಟದ ಮೇಲೆ ದಾಖಲೆ ಸಂಖ್ಯೆ, ತಾರೀಖು, ಗಂಟೆ ಅಚ್ಚಾಗಿರುತ್ತದೆ. ಆ ಜಾಗ ಖಾಲಿ ಇದ್ದರೆ ಅದಿನ್ನೂ ಬರಿಯ ಸಹಿ ಹಾಕಿದ ಹಾಳೆ. ನಿಮ್ಮದು ಆರೆಂಜ್ ಕೌಂಟಿ, ಅಲ್ಲಿನ ಕಂಪ್ಟ್ರೋಲರ್ ಕಚೇರಿಯ ದಾಖಲೆಗಳನ್ನು ಆನ್‌ಲೈನಿನಲ್ಲೇ ಹೆಸರು ಹಾಕಿ ನೋಡಬಹುದು. ಡೀಡು ದಾಖಲಾದರೂ ರೆಸಾರ್ಟಿನ ಪತ್ರ ಬೇಕೇ ಬೇಕು. ಆಸ್ತಿಯಿಲ್ಲದ ಯಾವುದೋ ಹೆಸರಿಗೆ ಬರೆದು ಕೈತೊಳೆದುಕೊಳ್ಳುವವರಿದ್ದಾರೆ, ರೆಸಾರ್ಟ್ ಅದನ್ನು ಒಪ್ಪದಿದ್ದರೆ ಬಿಲ್ಲು ನಿಮ್ಮ ಹೆಸರಿಗೇ ಬರುತ್ತಿರುತ್ತದೆ.

"ನಮ್ಮ ವಕೀಲರು" ಅಂದರೆ ಹೆಸರು ಕೇಳು, ರಾಜ್ಯದ ವಕೀಲರ ಸಂಘವಾದ ಬಾರ್‌ನ ಪಟ್ಟಿಯಲ್ಲಿ ನೋಡು, ಒಪ್ಪಂದ ನೇರವಾಗಿ ನಿನ್ನ ಮತ್ತು ಆ ವಕೀಲರ ನಡುವೆ ಆಗಲಿ. ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡು. ವೈರ್, ಝೆಲ್ ಥರ ಬ್ಯಾಂಕಿನಿಂದ ನೇರ ಹಣ ಕಳಿಸುವುದು ಬೇಡ. ಕಾರ್ಡಿನದಕ್ಕೂ ಮಿತಿ ಇದೆ, ಕಾನೂನಿನ ಪ್ರಕಾರ ಆ ಸ್ಟೇಟ್‌ಮೆಂಟ್ ಕಾರ್ಡಿನವರು ಕಳಿಸಿದ 60 ದಿನದೊಳಗೆ ಬರೆದ ತಕರಾರು ಅವರಿಗೆ ತಲುಪಬೇಕು. "ಒಂದೂವರೆ ವರ್ಷ ಹಿಡಿಯುತ್ತದೆ, ತಾಳ್ಮೆ ಇರಲಿ" ಅಂತ ಅವನು ಅಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡು.

ನೀನು ಸಹಿ ಹಾಕಿಲ್ಲ ಅಂದೆ. ಅಳಿಯಂದಿರು ಹಾಕಿದ್ದರೆ ಮುಚ್ಚಿಡಬೇಡ, ಬೈಯುವುದಿಲ್ಲ. ಹೋಟೆಲಿನಂಥ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ವ್ಯವಹಾರವನ್ನು ಮೂರನೇ ವ್ಯವಹಾರ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡಬಹುದು ಅಂತ ಫೆಡರಲ್ ನಿಯಮವಿದೆ. ಶನಿವಾರ ಲೆಕ್ಕಕ್ಕೆ ಬರುತ್ತದೆ, ಭಾನುವಾರ ಬರುವುದಿಲ್ಲ. ರದ್ದತಿಯ ಫಾರಮ್ಮಿನ ಎರಡು ಪ್ರತಿಯನ್ನು ಅವರೇ ಕೊಡಬೇಕು. ಕೊಟ್ಟಿಲ್ಲ ಅಂದರೆ ಅವರನ್ನು ನಂಬಬಾರದು ಅನ್ನಲು ನನಗೆ ಅಷ್ಟೇ ಸಾಕು.

ಇದೆಲ್ಲಕ್ಕೂ ಮುಂಚೆ ರೆಸಾರ್ಟಿಗೇ ಒಂದು ಫೋನ್ ಮಾಡು. ಸಾಲ ತೀರಿದ್ದು, ಫೀಸು ಬಾಕಿಯಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಎಷ್ಟೋ ದೊಡ್ಡ ರೆಸಾರ್ಟ್ ಕಂಪನಿಗಳಲ್ಲಿದೆ. ನಿಮ್ಮ ಸಾಲ ತೀರಿದೆಯಲ್ಲ. "ಡೀಡ್ ಬ್ಯಾಕ್ ಇದೆಯಾ" ಅಂತ ಅದೇ ಪದದಲ್ಲಿ ಕೇಳು, ಇಲ್ಲ ಅಂದರೆ ಬರವಣಿಗೆಯಲ್ಲಿ ಕೇಳು. ಮೊದಲು ಮಾತಾಡಿದವರು ಮಾರಾಟದವರಾಗಿದ್ದು ಇನ್ನೊಂದು ಪ್ಯಾಕೇಜು ಹೇಳತೊಡಗಿದರೆ ಫೋನಿಟ್ಟು ಮತ್ತೆ ಮಾಡು. ರೆಸಾರ್ಟಿನೊಡನೆ ಮಾತಾಡಲೇಬೇಡಿ ಅಂತ ಆ ಮನುಷ್ಯ ಹೇಳಿದನಲ್ಲ, ಸುಮಾ, ನಿನ್ನ ಪತ್ರದಲ್ಲಿ ನನಗೆ ಅತಿ ಹೆಚ್ಚು ಅನುಮಾನ ತಂದದ್ದು ಅದೇ.

ಮಕ್ಕಳ ಮಾತು ಮತ್ತೆ ಮತ್ತೆ ಬರುತ್ತಿದೆ, ಕ್ಷಮಿಸು. ನಿಮ್ಮ ಡೀಡಿನ ಮೊದಲ ಪುಟದ ಫೋಟೋ ಕಳಿಸು, ಯಾರ ಯಾರ ಹೆಸರಿದೆ ಅಂತ ನಾನೇ ಒಂದು ಸಲ ಕಣ್ಣಾರೆ ನೋಡುತ್ತೇನೆ. ಒಪ್ಪಂದದ ಪ್ರತಿ ಕೊಟ್ಟಿದ್ದರೆ ಅದನ್ನೂ ಕಳಿಸು, ಹಿಂದಿನ ಪುಟಗಳನ್ನು ಬಿಡಬೇಡ. ಶುಕ್ರವಾರ ಅವನು ಫೋನ್ ಮಾಡಿದರೆ ದೊಡ್ಡಮ್ಮ ಓದುತ್ತಿದ್ದಾರೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಮ್ಮ