ಕಾಕು ಅವರ ಐದು ಕೌದಿಗಳು

ನಮ್ಮ ತಂಡದ ನಾಲ್ಕನೆಯ ಹಾಗೂ ಕೊನೆಯ ಸ್ಟುಡಿಯೊ ಆಲ್ಬಮ್ ಕಳೆದ ಶುಕ್ರವಾರ ಬಿಡುಗಡೆಯಾಯಿತು. ಇದು ಏಕೆ ಕೊನೆಯದು, ನಮ್ಮಲ್ಲಿ ಯಾರು ಯಾವ ಊರಿಗೆ ಹೊರಟಿದ್ದಾರೆ ಎಂಬುದು ಇದನ್ನು ಓದುವ ಬಹುತೇಕರಿಗೆ ತಿಳಿದೇ ಇರುವುದರಿಂದ ಮತ್ತೆ ಕೆದಕುವುದಿಲ್ಲ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದ 2014ರಲ್ಲಿ ಕಟ್ಟಿದ ರಾಕ್ ತಂಡವೊಂದು, ಯಾವ ಕಂಪನಿಯ ಹಣವೂ ಇಲ್ಲದೆ, ಇಷ್ಟು ವರ್ಷ ಇದೇ ಊರಿನಲ್ಲಿ ನಡೆಯಿತು ಎಂಬುದೇ ನಮಗೆ ಸೋಜಿಗ.

ಸ್ಟುಡಿಯೊ ಎಂಬುದು ದೊಡ್ಡ ಮಾತು. ಅದು ಬ್ರಹ್ಮಪುರದ ಹಳೆಯ ಮನೆಯೊಂದರ ಮಹಡಿ ಕೋಣೆ. ಗೋಡೆಗಳಿಗೆ ಐದು ಕೌದಿಗಳನ್ನು ಇಳಿಬಿಟ್ಟು ಮಾರ್ದನಿ ಅಡಗಿಸಿ, ನಾಲ್ಕೇ ಮೈಕುಗಳಲ್ಲಿ ಡ್ರಮ್ಸ್ ಮುದ್ರಿಸಿದೆವು. ಮೈಕು ಫ್ಯಾನಿನ ಸದ್ದನ್ನೂ ಬಿಡದೆ ಹಿಡಿಯುವುದರಿಂದ, ರಾತ್ರಿಯೂ ಕಾವು ಇಳಿಯದ ಮೇ ತಿಂಗಳಲ್ಲಿ ಪ್ರತಿ ಟೇಕಿಗೂ ಫ್ಯಾನ್ ನಿಲ್ಲಿಸಬೇಕಿತ್ತು. ಸೆಕೆಗೆ ಗಿಟಾರಿನ ತಂತಿಗಳು ಸಡಿಲಗೊಂಡು ಶ್ರುತಿ ಇಳಿಯುತ್ತಿತ್ತು.

ಆ ಮನೆಯೂ ಆ ಕೌದಿಗಳೂ ಕಾಕು ಅವರವು. ಹೆಸರು ಹಾಕಕೂಡದೆಂದು ಅವರು ಕಟ್ಟಪ್ಪಣೆ ಮಾಡಿರುವುದರಿಂದ ಹಾಗೆಂದಷ್ಟೇ ಬರೆಯುತ್ತೇನೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವರ ಕಸುಬು. ನಸುಕಿನ 4 ಗಂಟೆಗೆ ಅವರು ರೊಟ್ಟಿ ಬಡಿಯಲು ಕುಳಿತರೆ ಆ ಸದ್ದು ನೇರವಾಗಿ ನಮ್ಮ ಮೈಕಿಗೆ ಬರುತ್ತಿತ್ತು. ಹೇಗೆ ಹೇಳುವುದೆಂದು ನಾವು ಸಂಕೋಚಪಡುತ್ತಿರುವಾಗಲೇ ಅವರಾಗಿ ಅರಿತು, ಮೂರು ವಾರಗಳ ಕಾಲ ಕೆಲಸವನ್ನು 6 ಗಂಟೆಗೆ ಮುಂದೂಡಿದರು. ಅದರಿಂದ ಒಂದು ಖಾನಾವಳಿಯ ಆರ್ಡರ್ ಕೈತಪ್ಪಿದ್ದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಏಳನೆಯ ಹಾಡಿನ ರಾತ್ರಿ ತಂಡ ಒಡೆಯಿತು. ಯಾರು ಯಾರಿಗೆ ಏನೆಂದರು ಎಂಬುದು ಇಲ್ಲಿ ಬೇಡ. ಇಬ್ಬರು ಎದ್ದುಹೋದರು, ಮೂರನೆಯವನು ಕೆಳಗಿನ ಕಟ್ಟೆಯ ಮೇಲೆ ಮುಖ ತಿರುಗಿಸಿ ಮಲಗಿದ. ನಾನು ಅಷ್ಟೂ ಹಾಡುಗಳಿದ್ದ ಫೋಲ್ಡರನ್ನು ಆಯ್ದು, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿದ್ದೆ. ಕಾಕು ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟು ಉಣ್ಣು ಎಂದರು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಹೆಡ್‌ಫೋನನ್ನು ಸೆರಗಿನ ಮೇಲೆಯೇ ಹಾಕಿಕೊಂಡು ಹಾಡನ್ನು ಎರಡು ಸಲ ಕೇಳಿ, "ಏನ್ ಹಾಡ್ಲಿಕತ್ತೀರಿ ಅಂತಾನ ಕೇಳ್ಸವಲ್ದು ತಮ್ಮಾ, ಬರೀ ಗದ್ದಲ ಅದ" ಎಂದರು.

ನಮ್ಮ ಕೋಟೆಯಲ್ಲಿ 1367ರ ಜಾಮಾ ಮಸೀದಿ ಇದೆಯಲ್ಲ, ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಗುಮ್ಮಟಗಳಿಂದ ಮುಚ್ಚಿದ್ದು, ಅದರ ಕಮಾನುಗಳ ನಡುವೆ ನಿಂತು ದನಿಯ ರುಚಿ ಹತ್ತಿಸಿಕೊಂಡ ಹುಡುಗರು ನಾವು. ಹಿಂದಿನ ಮೂರು ಆಲ್ಬಮ್‌ಗಳಲ್ಲೂ ಸಿಕ್ಕಿದ್ದಕ್ಕೆಲ್ಲ ಮಾರ್ದನಿ ಸುರಿದಿದ್ದೆವು. ಈ ಹಾಡಿನಲ್ಲಂತೂ ಗಿಟಾರಿನ ಹನ್ನೊಂದು ಪದರಗಳಿದ್ದವು. ಒಂದೊಂದನ್ನೇ ಮುಚ್ಚುತ್ತ ಹೋದೆ, ಕಾಕು ಪ್ರತಿ ಸಲವೂ ಕೇಳಿ ಇನ್ನೂ ಇಲ್ಲವೆಂದು ಕೈ ಆಡಿಸಿದರು, ಕೊನೆಗೆ ಎರಡು ಉಳಿದವು. ನಡುವೆ ನಾನು ಅತ್ತದ್ದನ್ನು ಅವರು ಕಾಣದವರಂತೆ ಇದ್ದುಬಿಟ್ಟರು. ನಸುಕಿಗೆ ಕೆಳಗಿಳಿದು, ಕಟ್ಟೆಯ ಮೇಲೆ ಮಲಗಿದ್ದವನನ್ನು ಎಬ್ಬಿಸಿ, ಚಹಾ ಕೊಟ್ಟು ಮೇಲೆ ಕಳಿಸಿದರು. ಉಳಿದಿಬ್ಬರಿಗೆ ಅವನೇ ಫೋನ್ ಮಾಡಿದ. ಅಂದು ಬೆಳಿಗ್ಗೆ ಹಾಡಿದ ಟೇಕೇ ಆಲ್ಬಮ್ಮಿನಲ್ಲಿದೆ. ಎರಡನೆಯ ಚರಣದ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಅದನ್ನು ತೆಗೆಯಲೇ ಎಂದು ಮಿಕ್ಸಿಂಗ್ ಮಾಡಿದ ಬೆಂಗಳೂರಿನ ಗೆಳೆಯ ಎರಡು ಸಲ ಕೇಳಿದ, ಎರಡು ಸಲವೂ ಬೇಡವೆಂದೆವು.

ಆ ಗೆಳೆಯನಿಗೆ, ಬಾಸ್ ಆಂಪ್ಲಿಫೈಯರ್ ಎರವಲು ಕೊಟ್ಟವರಿಗೆ, ಸೂಪರ್ ಮಾರ್ಕೆಟಿನಿಂದ ಡ್ರಮ್ಸನ್ನು ಬಾಡಿಗೆ ಇಲ್ಲದೆ ಹೇರಿ ತಂದ ಆಟೊದ ಅಣ್ಣನಿಗೆ, ನಮ್ಮನ್ನು ಸಹಿಸಿದ ಮನೆಯವರಿಗೆ, ಮೊದಲ ಆಲ್ಬಮ್ಮಿನಿಂದ ಕೇಳುತ್ತ ಬಂದ ನಿಮಗೆಲ್ಲರಿಗೆ ನಮಸ್ಕಾರಗಳು.

ನಾಲ್ಕು ಕೌದಿಗಳನ್ನು ಒಗೆದು ಮರಳಿಸಿದ್ದೇವೆ. ಐದನೆಯದರ ಮೂಲೆ ನಮ್ಮ ಸೊಳ್ಳೆಬತ್ತಿಯಿಂದ ಸುಟ್ಟಿದೆ. ತೇಪೆ ಹಚ್ಚಲು ತಂಡದ ಹೆಸರಿರುವ ಹಳೆಯ ಟಿ-ಶರ್ಟ್ ಬೇಕೆಂದು ಕಾಕು ಕೇಳಿದ್ದಾರೆ. ನಾಳೆ ಒಯ್ದು ಕೊಡಬೇಕು.