ಸ್ವಂತ ಸೇವನೆ ಅರ್ಹತೆಯಾಗದಿರಲಿ

ಮಾನ್ಯರೇ,

ಮನಸ್ಸಿನ ಗ್ರಹಿಕೆಯನ್ನೇ ಕೆಲಹೊತ್ತು ಬದಲಿಸುವ ಸೈಕೆಡೆಲಿಕ್ ಔಷಧಗಳಿಂದ ಮಾನಸಿಕ ಚಿಕಿತ್ಸೆ ನೀಡುವವರು ತಾವೂ ಆ ಔಷಧ ಸೇವಿಸಿರಬೇಕೆಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಕೆಲವು ಅಣಬೆಗಳಲ್ಲಿರುವ ಇಂಥದೊಂದು ಔಷಧವಾದ ಸೈಲೋಸೈಬಿನ್ ಅನ್ನು 25 ಮಿಲಿಗ್ರಾಂ ತೆಗೆದುಕೊಂಡವರ ಪಕ್ಕ ಆರೇಳು ಗಂಟೆ ಕೂರುವಾಗ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಬರೀ ಓದಿನಿಂದ ಬರುವುದಿಲ್ಲ. ಆದರೂ ಅದನ್ನು ಕಡ್ಡಾಯ ಮಾಡುವುದು ತಪ್ಪು. ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಎಂಬ ಔಷಧ ಸೇವಿಸುವವರಿಗೆ ಸೈಲೋಸೈಬಿನ್‌ನಿಂದ ಸೆಳವು (ಫಿಟ್ಸ್) ಬರಬಹುದು. ಕುಟುಂಬದಲ್ಲಿ ಸ್ಕಿಜೋಫ್ರೇನಿಯಾ ಇದ್ದವರಿಗೂ ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೂ ಅಪಾಯ. ಇಂಥವರು ಒಳ್ಳೆಯ ಚಿಕಿತ್ಸಕರಾಗಬಾರದೇ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಔಷಧದ ಪ್ರಭಾವದಲ್ಲಿ ಮನಸ್ಸು ಸೂಚನೆಗೆ ಬಹುಬೇಗ ಬಾಗುತ್ತದೆ. ತಾವು ಕಂಡದ್ದನ್ನೇ ಪರಮಸತ್ಯವೆಂದು ನಂಬಿದ ಚಿಕಿತ್ಸಕ ರೋಗಿಯನ್ನೂ ಅರಿವಿಲ್ಲದೆ ಅತ್ತಲೇ ಎಳೆಯುತ್ತಾರೆ. ರೋಗಿ ನಡುಗಿದರೆ ‘ನನಗೂ ಹೀಗೇ ಆಗಿತ್ತು’ ಎಂದುಕೊಂಡು ರಕ್ತದೊತ್ತಡ ನೋಡುವುದನ್ನೇ ಬಿಟ್ಟಾರು.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸೈಲೋಸೈಬಿನ್ ನೀಡಿ ಜೊತೆಗಿರುವವರಾಗಲು 120 ಗಂಟೆಗಳ ಪಾಠ, 40 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು, ಸೇವನೆ ಷರತ್ತಲ್ಲ. ಅದೇ ಸರಿಯಾದ ದಾರಿ. ಕಡ್ಡಾಯವಾಗಬೇಕಾದ್ದು ಬೇರೆ: ಅನುಭವಿ ಚಿಕಿತ್ಸಕರ ಜೊತೆ ಮೊದಲಿನಿಂದ ಕೊನೆಯವರೆಗೆ ಕೂತು ಕಲಿಯುವುದು, ಕೋಣೆಯಲ್ಲಿ ಸದಾ ಇಬ್ಬರಿರುವುದು, ಚಿಕಿತ್ಸೆಯ ವಿಡಿಯೊವನ್ನು ಹೊರಗಿನವರು ಪರಿಶೀಲಿಸುವುದು. ಕೈ ಹಿಡಿಯುವುದಕ್ಕೂ ಒಪ್ಪಿಗೆಯನ್ನು ಔಷಧ ಕೊಡುವ ಮೊದಲೇ ಬರಹದಲ್ಲಿ ಪಡೆಯಬೇಕು. ಕೊಟ್ಟ ಮೇಲೆ ಕೇಳಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

– ಮನೋಚಿಕಿತ್ಸಾ ತರಬೇತುದಾರರು