ಎರಡೂ ಕಡೆಯ ಸುದ್ದಿ ಓದಬಲ್ಲ ನಿನಗೆ

ಪ್ರೀತಿಯ ತಮ್ಮಾ,

ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯದ ಮೇಲೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕೋಪವೂ ನಿಜವಾದದ್ದೇ. ಆದರೆ ಇದನ್ನು ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತವರು ಯಾರು ಬೇಕಾದರೂ ಬರೆಯಬಹುದಿತ್ತು, ಅಲ್ವಾ? ನೀನು ಹುಟ್ಟಿ ಬೆಳೆದದ್ದು ಮುಂಬಯಿಯ ಘಾಟ್‌ಕೋಪರಿನಲ್ಲಿ. ನಿನ್ನ ಅರ್ಧ ಗೆಳೆಯರು ಮರಾಠಿಯವರು. ಅವರಲ್ಲಿ ಒಬ್ಬರೂ ಲೇಖನದೊಳಗೆ ಕಾಣಲಿಲ್ಲ.

2022ರ ಡಿಸೆಂಬರ್ 6 ನೆನಪಿದೆಯಾ? ಬೆಳಗಾವಿ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ನಂಬರಿನ ಲಾರಿಗಳ ಮೇಲೆ ಕಲ್ಲು ತೂರಿದರು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ಸಂಜೆ ನಾನು ಮುಲುಂಡಿನ ಒಂದು ಉಡುಪಿ ಹೋಟೆಲಿನಲ್ಲಿದ್ದೆ. ಗೋಡೆಯ ಟಿವಿಯಲ್ಲಿ ಮರಾಠಿ ಚಾನೆಲ್. ಗಾಜು ಒಡೆದ ಲಾರಿಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಗಲ್ಲಾದಲ್ಲಿ ಕೂತಿದ್ದ ಶೆಟ್ಟರ ಮೊಬೈಲಿನಲ್ಲಿ ಕನ್ನಡ ಚಾನೆಲ್. ಅಲ್ಲಿ ಮಸಿ ಬಳಿದ ಬಸ್ಸು, ಅದೂ ಮತ್ತೆ ಮತ್ತೆ. ಗಿರಾಕಿಯೊಬ್ಬರು ಬಿಲ್ ಕೊಡಲು ಬಂದರು. ಶೆಟ್ಟರು ಮೊಬೈಲನ್ನು ಮಗುಚಿ ಇಟ್ಟು ಚಿಲ್ಲರೆ ಎಣಿಸಿದರು. ದಿನಾ ಮಾತಾಡುತ್ತಿದ್ದ ಇಬ್ಬರೂ ಅವತ್ತು ಮಾತಾಡಲಿಲ್ಲ.

ಎರಡು ಸುದ್ದಿಯೂ ಸುಳ್ಳಲ್ಲ. ಆದರೆ ಒಂದನ್ನೇ ನೋಡಿದವನಿಗೆ ಕಾಲು ಕೆರೆದು ಜಗಳಕ್ಕೆ ಬಂದವರು ಎದುರಿನವರೇ ಅನ್ನಿಸುತ್ತದೆ. ಬೆಳಗಾವಿ ತನಗೆ ಸೇರಬೇಕು ಅಂತ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇನ್ನೂ ತೀರ್ಮಾನವಾಗದೆ ಬಿದ್ದಿತ್ತು. ನಾನು ಅಲ್ಲಿ ಕೂತಿದ್ದಷ್ಟು ಹೊತ್ತು ಆ ಮಾತನ್ನು ಯಾವ ಚಾನೆಲೂ ಎತ್ತಲಿಲ್ಲ.

ಟಿವಿಯವರನ್ನು ಮಾತ್ರ ಬೈದು ಕೂರಬೇಡ. 2017ರಲ್ಲಿ ಫೇಸ್‌ಬುಕ್ ಒಂದು ಲೆಕ್ಕ ಶುರು ಮಾಡಿತು. ಯಾವ ಪೋಸ್ಟನ್ನು ಮೇಲೆ ತೋರಿಸಬೇಕು ಅಂತ ನಿರ್ಧರಿಸುವಾಗ, ಲೈಕಿಗೆ ಒಂದು ಅಂಕವಾದರೆ ಸಿಟ್ಟಿನ ಇಮೋಜಿಗೆ ಐದು. ಪ್ರೀತಿಯ ಇಮೋಜಿಗೂ ಐದೇ ಇತ್ತು, ನಿಜ. ಆದರೆ ಸಿಟ್ಟಿನ ಇಮೋಜಿ ಬೀಳುವ ಪೋಸ್ಟುಗಳಲ್ಲಿ ಸುಳ್ಳು, ಹೊಲಸು ಜಾಸ್ತಿ ಅಂತ ಕಂಪನಿಯ ಒಳಗಿನವರೇ ಕಂಡುಕೊಂಡರು. 2020ರಲ್ಲಿ ಅದರ ಅಂಕವನ್ನು ಸೊನ್ನೆಗೆ ಇಳಿಸಿದರು. ನಮಗೆಲ್ಲ ಈ ವಿಷಯ ಗೊತ್ತಾದದ್ದು 2021ರಲ್ಲಿ, ಒಳಗಿನ ಕಾಗದಪತ್ರ ಹೊರಬಂದ ಮೇಲೆ. ಸಭೆಯಲ್ಲಿ ಜೋರಾಗಿ ಕಿರುಚಿದವನ ಕೈಗೇ ಮೈಕು ಕೊಟ್ಟ ಹಾಗಾಯಿತು. ಹಾಗೆ ಮಾಡಿದರೆ ಮೆಲ್ಲಗೆ ಮಾತಾಡುವವರು ಎದ್ದು ಹೋಗುತ್ತಾರೆ.

ನನಗೆ ಇದಕ್ಕಿಂತ ಹೆಚ್ಚು ಸಂಕಟ ಕೊಡುವುದು, ಈ ಗದ್ದಲದಲ್ಲಿ ಯಾರೂ ಕೇಳದೇ ಹೋದ ಪ್ರಶ್ನೆಗಳು. ಮುಂಬಯಿ ಮಹಾನಗರ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲೇ ಮುಗಿದಿತ್ತು. ಮುಂದಿನ ಚುನಾವಣೆ ಆದದ್ದು 2026ರ ಜನವರಿಯಲ್ಲಿ. ಸುಮಾರು ನಾಲ್ಕು ವರ್ಷ 227 ವಾರ್ಡುಗಳಲ್ಲಿ ಜನ ಆರಿಸಿದ ಒಬ್ಬ ನಗರಸೇವಕರೂ ಇಲ್ಲ, ಆಡಳಿತಾಧಿಕಾರಿ ಹೇಳಿದ್ದೇ ಆಯಿತು. ಪಾಲಿಕೆಯ ಕನ್ನಡ ಶಾಲೆಗೆ ಟೀಚರ್ ಬೇಕು ಅಂತ ಕೇಳೋಕೆ ಯಾರ ಬಾಗಿಲು ತಟ್ಟಬೇಕಿತ್ತು? ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆಯನ್ನು ನಾನು ನೋಡಲೇ ಇಲ್ಲ. ಬಸ್ಸಿನ ವಿಡಿಯೊ ಮಾತ್ರ ಬರುತ್ತಲೇ ಇತ್ತು. ನೀನು ಇಂಥದ್ದನ್ನು ಬರಿ. ಲೈಕ್ ಕಡಿಮೆ ಬೀಳುತ್ತದೆ, ಬೀಳಲಿ.

ಹಾಗಂತ ಸುಮ್ನೆ ಎಲ್ಲರಿಗೂ ಹಿತವಾಗಿ ಬರಿ ಅಂತ ಹೇಳುತ್ತಿಲ್ಲ. 2012ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆಯಿತು. ಅದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಒಬ್ಬಳನ್ನು, ಅದನ್ನು ಲೈಕ್ ಮಾಡಿದ್ದಕ್ಕೆ ಇನ್ನೊಬ್ಬಳನ್ನು ಪಾಲ್ಘರಿನಲ್ಲಿ ಬಂಧಿಸಿದರು. ಆಮೇಲೆ ಶ್ರೇಯಾ ಸಿಂಘಾಲ್ ಎಂಬ ಯುವತಿ ಇಂಥ ಬಂಧನಕ್ಕೆ ದಾರಿ ಮಾಡಿಕೊಟ್ಟ ಕಾನೂನನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ, ಅಂದರೆ ಐಟಿ ಕಾಯ್ದೆಯ 66ಎ ಕಲಮನ್ನು, ರದ್ದು ಮಾಡಿತು. ನಮ್ಮ ಊರಿನ ಪಕ್ಕದ ಇಬ್ಬರು ಹುಡುಗಿಯರು ಅನುಭವಿಸಿದ ಕಷ್ಟದಿಂದ ಬಂದ ಸ್ವಾತಂತ್ರ್ಯ ಇದು. ಇದನ್ನು ಬರೀ ಕೂಗಾಟಕ್ಕೆ ಖರ್ಚು ಮಾಡಬೇಡ ಕಣೋ.

ನಿನಗೆ ಎರಡೂ ಭಾಷೆ ಓದಲು ಬರುತ್ತದೆ. ಬೆಂಗಳೂರಿನಲ್ಲಾಗಲಿ ಪುಣೆಯಲ್ಲಾಗಲಿ ಹೆಚ್ಚಿನವರಿಗೆ ಅದಿಲ್ಲ. ಆದ್ದರಿಂದ ಲೇಖನವನ್ನು ಮತ್ತೊಮ್ಮೆ ಬರಿ. 2022ರ ಆ ದಿನದ ಮರಾಠಿ ಪೇಪರನ್ನೂ ಕನ್ನಡ ಪೇಪರನ್ನೂ ಹುಡುಕಿ ಓದು. ಪುಣೆ ರೂಟಿನಲ್ಲಿ ಬಸ್ ಓಡಿಸುವ ಡ್ರೈವರ್ ಒಬ್ಬರನ್ನಾದರೂ ಮಾತಾಡಿಸು. ಬರೆದದ್ದನ್ನು ಮೊದಲು ನಿನ್ನ ಮರಾಠಿ ಗೆಳೆಯನಿಗೆ ಅವನ ಭಾಷೆಯಲ್ಲೇ ಓದಿ ಹೇಳು. ಅವನು ನಿನ್ನ ಮಾತು ಒಪ್ಪಬೇಕಿಲ್ಲ. ತನ್ನ ಕಡೆಯ ಮಾತನ್ನು ನೀನು ತಿರುಚಿಲ್ಲ ಅಂತ ಅವನಿಗೆ ಅನ್ನಿಸಿದರೆ ಸಾಕು. ಆಮೇಲೆ ನನಗೆ ಕಳಿಸು.

ನಿನ್ನ ಅಕ್ಕ,
ಮುಲುಂಡ್, ಮುಂಬಯಿ